ಬಾಹ್ಯಾಕಾಶದ ಟೆಲಿಸ್ಕೋಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆ ಮೇಲೆ ಹೋದಾಗಿನಿಂದ ಸೂರ್ಯ, ನಕ್ಷತ್ರಗಳ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಶಾಲೆಗಳಲ್ಲಿ, ಮನೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ಕೆಲವಕ್ಕೆ ಸಾಲುವುದಿಲ್ಲ.

ನಕ್ಷತ್ರಗಳು ಅಷ್ಟು ದೂರ ಇವೆ. ಟೆಲಿಸ್ಕೋಪನ್ನು ಐನೂರು ಕಿಲೋಮೀಟರ್ ಮೇಲೆ ಒಯ್ದರೆ ಏನು ಹತ್ತಿರವಾದಂತಾಯಿತು?

ಏನೂ ಹತ್ತಿರವಾಗಲಿಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದು 4.2 ಬೆಳಕಿನ ವರ್ಷ ದೂರ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. ಅದರ ಮುಂದೆ ಐನೂರು ಕಿಲೋಮೀಟರ್ ಲೆಕ್ಕಕ್ಕೇ ಇಲ್ಲ. ಅಷ್ಟು ಮೇಲೆ ಹೋಗುವುದು ಗಾಳಿಯ ಕಾಟ ತಪ್ಪಿಸಿಕೊಳ್ಳಲು.

ಗಾಳಿಯಿಂದ ಎರಡು ತೊಂದರೆ. ಒಂದು, ಅದರ ಅಲುಗಾಟ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಯುತ್ತಲೇ ಇರುವುದರಿಂದ ಬೆಳಕಿನ ದಾರಿ ಕ್ಷಣಕ್ಷಣಕ್ಕೂ ಚೂರು ಬಾಗುತ್ತದೆ. ನಕ್ಷತ್ರ ಮಿನುಗುವುದು ಅದಕ್ಕೇ. ಕವಿಗಳಿಗೆ ಅದು ಚೆಂದ, ಫೋಟೋ ತೆಗೆಯುವವರಿಗೆ ತಲೆನೋವು. ಇನ್ನೊಂದು, ಬೆಳಕಿನಲ್ಲಿ ಎಷ್ಟೋ ಬಗೆಯನ್ನು ಗಾಳಿ ಕೆಳಗೆ ಬಿಡುವುದೇ ಇಲ್ಲ. ಎಕ್ಸ್-ಕಿರಣಗಳು ಮೇಲೆಯೇ ನಿಂತುಹೋಗುತ್ತವೆ. ನೇರಳಾತೀತ ಕಿರಣಗಳ ಹೆಚ್ಚಿನ ಪಾಲನ್ನು ಓಝೋನ್ ಹೀರಿಕೊಳ್ಳುತ್ತದೆ. ನಾವು ಆರಾಮಾಗಿ ಹೊರಗೆ ಓಡಾಡುವುದು ಅದರಿಂದಲೇ ಅನ್ನಿ. ಕೆಂಪಿನಿಂದಾಚೆ ಇರುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಬಹುಪಾಲನ್ನು ನೀರಾವಿ ನುಂಗುತ್ತದೆ.

ನಷ್ಟ ದೊಡ್ಡದೇ. ತಣ್ಣಗಿನ ದೂಳಿನ ಮೋಡದೊಳಗೆ ಹುಟ್ಟುತ್ತಿರುವ ನಕ್ಷತ್ರ ಅವಕೆಂಪಿನಲ್ಲಿ ಚೆನ್ನಾಗಿ ಕಾಣುತ್ತದೆ. ತುಂಬಾ ಬಿಸಿಯಾದ ಎಳೆಯ ನಕ್ಷತ್ರಗಳು ನೇರಳಾತೀತದಲ್ಲಿ ಹೊಳೆಯುತ್ತವೆ. ಕಪ್ಪುಕುಳಿಗೆ ಬೀಳುತ್ತಿರುವ ಅನಿಲ ಎಕ್ಸ್-ಕಿರಣ ಚೆಲ್ಲುತ್ತದೆ. ನೆಲದ ಮೇಲೆ ಕೂತರೆ ಇದರಲ್ಲಿ ಮುಕ್ಕಾಲು ಪಾಲು ಕೈತಪ್ಪುತ್ತದೆ.

ಹಾಗಾದರೆ ನೆಲದ ಮೇಲಿನ ಟೆಲಿಸ್ಕೋಪುಗಳು ಇನ್ನು ಬೇಡವೇ?

ಬೇಕೇ ಬೇಕು. ರಾಕೆಟ್‌ನ ಮೂತಿಯೊಳಗೆ ಹಿಡಿಸುವಷ್ಟು ದೊಡ್ಡದನ್ನೇ ಮೇಲೆ ಕಳಿಸಬಹುದು. ನೆಲದ ಮೇಲೆ ಆ ಮಿತಿ ಇಲ್ಲ. ಚಿಲಿಯಲ್ಲಿ ಕಟ್ಟುತ್ತಿರುವ ಒಂದು ಟೆಲಿಸ್ಕೋಪಿನ ಕನ್ನಡಿ 39 ಮೀಟರ್ ಅಗಲ. ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪಿನದು 2.4 ಮೀಟರ್ ಅಷ್ಟೇ.

ನಮ್ಮವರೂ ಗಾಳಿಯಿಂದ ತಪ್ಪಿಸಿಕೊಳ್ಳಲು ಬೆಟ್ಟ ಹತ್ತಿದ್ದಾರೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ರಾತ್ರಿಯಿಡೀ ನಡೆಸುವವರು ಕೂರುವುದು ಬೆಂಗಳೂರಿನ ಹೊರಗೆ ಹೊಸಕೋಟೆಯಲ್ಲಿ! ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರ ಅಲ್ಲಿದೆ. ಉಪಗ್ರಹದ ಸಂಪರ್ಕದಲ್ಲಿ ಇಲ್ಲಿಂದ ಆಜ್ಞೆ ಹೋಗುತ್ತದೆ, ಅಲ್ಲಿಂದ ಚಿತ್ರ ಬರುತ್ತದೆ. ಹೊಸಕೋಟೆಯ ಹೆಸರು ಮುಂದೆಯೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸೂರ್ಯ ಬರಿಗಣ್ಣಿಗೇ ಕಣ್ಣು ಕುಕ್ಕುವಷ್ಟು ಕಾಣುತ್ತಾನೆ. ಅವನನ್ನು ನೋಡಲು ಬಾಹ್ಯಾಕಾಶಕ್ಕೆ ಯಾಕೆ ಹೋಗಬೇಕು?

ಕಣ್ಣು ಕುಕ್ಕುವುದೇ ಸಮಸ್ಯೆ. ನಮಗೆ ಕಾಣುವುದು ಅವನ ಮೇಲ್ಮೈ. ಅದರ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಸುತ್ತ ಕರೋನಾ ಎಂಬ ತೆಳುವಾದ ಹೊರಪದರ ಇದೆ. ಅದರ ಬೆಳಕು ಮೇಲ್ಮೈಯ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಪೂರ್ಣ ಸೂರ್ಯಗ್ರಹಣದ ಕೆಲವೇ ನಿಮಿಷ ಬಿಟ್ಟರೆ ಅದು ಕಾಣುವುದಿಲ್ಲ.

ತಮಾಷೆ ಏನೆಂದರೆ ಆ ಕರೋನಾದ ಬಿಸಿ ಹತ್ತಿಪ್ಪತ್ತು ಲಕ್ಷ ಡಿಗ್ರಿ. ಒಲೆಯಿಂದ ದೂರ ಹೋದಷ್ಟೂ ಬಿಸಿ ಕಮ್ಮಿಯಾಗಬೇಕು ಅಲ್ವಾ? ಇಲ್ಲಿ ಉಲ್ಟಾ. ಇದು ಗೊತ್ತಾದ ರೀತಿಯೂ ಸೊಗಸಾಗಿದೆ. 1869ರ ಗ್ರಹಣದಲ್ಲಿ ಕರೋನಾದ ಬೆಳಕನ್ನು ಬಿಡಿಸಿ ನೋಡಿದವರಿಗೆ ಒಂದು ಹಸಿರು ಗೆರೆ ಸಿಕ್ಕಿತು. ಭೂಮಿಯ ಮೇಲೆ ಗೊತ್ತಿದ್ದ ಯಾವ ಮೂಲವಸ್ತುವಿಗೂ ಅದು ಹೊಂದಲಿಲ್ಲ. ಹೊಸ ಮೂಲವಸ್ತುವೇ ಇರಬೇಕೆಂದು ಅದಕ್ಕೆ 'ಕರೋನಿಯಂ' ಎಂದು ಹೆಸರನ್ನೂ ಇಟ್ಟರು. ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೆ ವಾಲ್ಟರ್ ಗ್ರೋಟ್ರಿಯನ್ ಮತ್ತು ಬೆಂಗ್ಟ್ ಎಡ್ಲೆನ್ ಅವರ ಕೆಲಸದಿಂದ ಗುಟ್ಟು ಬಯಲಾಯಿತು. ಅದು ನಮ್ಮ ಮಾಮೂಲಿ ಕಬ್ಬಿಣವೇ. ಆದರೆ ಅದರ 26 ಎಲೆಕ್ಟ್ರಾನ್‌ಗಳಲ್ಲಿ 13 ಕಿತ್ತುಹೋಗಿವೆ. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ ಲಕ್ಷಗಟ್ಟಲೆ ಡಿಗ್ರಿ ಬಿಸಿ ಬೇಕು.

ಸೂರ್ಯನ ಕಾಂತಕ್ಷೇತ್ರ ಈ ಬಿಸಿಯನ್ನು ಮೇಲೆ ಸಾಗಿಸುತ್ತದೆ ಎನ್ನುವುದರ ಬಗ್ಗೆ ಹೆಚ್ಚು ಜಗಳ ಇಲ್ಲ. ಅಲೆಗಳಾಗಿ ಸಾಗಿಸುತ್ತದೋ, ಸಾವಿರಾರು ಪುಟ್ಟ ಪುಟ್ಟ ಸ್ಫೋಟಗಳಾಗಿಯೋ, ಎರಡೂ ಸೇರಿಯೋ, ಯಾವುದರ ಪಾಲು ಎಷ್ಟು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ ಕರೋನಾವನ್ನು ಗ್ರಹಣಕ್ಕೆ ಕಾಯದೆ ದಿನವಿಡೀ ನೋಡಬೇಕು.

ಆದಿತ್ಯ-ಎಲ್1 ಸೂರ್ಯನ ಹತ್ತಿರ ಹೋಗಿದೆಯೇ? ಸುಟ್ಟುಹೋಗುವುದಿಲ್ಲವೇ?

ಇಲ್ಲ, ಇದು ತೀರಾ ಹರಡಿರುವ ತಪ್ಪು ಕಲ್ಪನೆ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಆದಿತ್ಯ ಹೋಗಿರುವುದು 15 ಲಕ್ಷ ಕಿಲೋಮೀಟರ್. ನೂರಕ್ಕೆ ಒಂದು ಪಾಲು ದಾರಿ. ಅಲ್ಲಿ ಬಿಸಿಲು ನಮಗಿಂತ ಚೂರೇ ಚೂರು ಜಾಸ್ತಿ.

ನಿಜವಾಗಿ ಹತ್ತಿರ ಹೋಗಿರುವುದು ನಾಸಾದ ಪಾರ್ಕರ್ ಸೌರ ನೌಕೆ. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಆಗ ಅದರ ವೇಗ ಗಂಟೆಗೆ ಸುಮಾರು 6.9 ಲಕ್ಷ ಕಿಲೋಮೀಟರ್.

ಎಲ್1 ಅಂದರೆ ಏನು? ಅಲ್ಲಿ ಆದಿತ್ಯ ಸುಮ್ನೆ ನಿಂತಿರುತ್ತದೆಯೇ?

ಸೂರ್ಯನಿಗೆ ಹತ್ತಿರ ಇರುವ ವಸ್ತು ಭೂಮಿಗಿಂತ ಬೇಗ ಸುತ್ತು ಮುಗಿಸಬೇಕು. ಆದರೆ ಸೂರ್ಯ ಮತ್ತು ಭೂಮಿಯ ನಡುವೆ ಒಂದು ಜಾಗದಲ್ಲಿ ಭೂಮಿಯ ಸೆಳೆತ ಆ ವಸ್ತುವನ್ನು ಚೂರು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಹಾಗಾಗಿ ಅದು ನಮ್ಮ ಜೊತೆಗೇ ವರ್ಷಕ್ಕೊಂದು ಸುತ್ತು ಹಾಕುತ್ತದೆ. ಆ ಜಾಗವೇ ಎಲ್1. ಅಲ್ಲಿ ಹಗಲು ರಾತ್ರಿ ಇಲ್ಲ, ಗ್ರಹಣದ ಅಡ್ಡಿಯಿಲ್ಲ. ಸೂರ್ಯ ಯಾವಾಗಲೂ ಎದುರಿಗೇ.

ಸರಿಯಾಗಿ ಆ ಬಿಂದುವಿನಲ್ಲೇ ನಿಂತರೆ ಇನ್ನೊಂದು ಫಜೀತಿ. ನಾವು ಆಂಟೆನಾ ತಿರುಗಿಸಿದಾಗ ನೌಕೆಯ ಹಿಂದೆಯೇ ಸೂರ್ಯ ಇರುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ನೌಕೆಯ ಸಣ್ಣ ದನಿ ಕೇಳಿಸುವುದಿಲ್ಲ. ಅದಕ್ಕೇ ಆದಿತ್ಯ ಆ ಬಿಂದುವಿನ ಸುತ್ತ ದೊಡ್ಡದಾಗಿ ಸುತ್ತುತ್ತದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಆ ಸುತ್ತು ಸೇರಿತು. ಮೊದಲ ಸುತ್ತು ಮುಗಿಸಲು 178 ದಿನ ಬೇಕಾಯಿತು. ಅಲ್ಲಿನ ಸಮತೋಲನ ಅಷ್ಟು ಗಟ್ಟಿಯಲ್ಲ. ಆಗಾಗ ಸ್ವಲ್ಪ ಇಂಧನ ಉರಿಸಿ ದಾರಿ ಸರಿ ಮಾಡುತ್ತಲೇ ಇರಬೇಕು.

ಗ್ರಹಣ ಇಲ್ಲದೆ ಕರೋನಾ ನೋಡುವುದು ಹೇಗೆ?

ಸುಳ್ಳು ಗ್ರಹಣ ಮಾಡಿಕೊಂಡು. ಆದಿತ್ಯದ ಏಳು ಉಪಕರಣಗಳಲ್ಲಿ ದೊಡ್ಡದು ವೆಲ್ಕ್. ಅದನ್ನು ಕಟ್ಟಿದ್ದು ಹೊಸಕೋಟೆಯ ಅದೇ ಕೇಂದ್ರದಲ್ಲಿ, ದೂಳಿಗೆ ಜಾಗವೇ ಇಲ್ಲದ ಕೋಣೆಯಲ್ಲಿ. ಒಳಗೆ ಏನಾಗುತ್ತದೆ ನೋಡಿ. ಸೂರ್ಯನ ಬೆಳಕು ಮೊದಲು ಸುಮಾರು 20 ಸೆಂಟಿಮೀಟರ್ ಅಗಲದ ಕನ್ನಡಿಗೆ ಬಡಿದು ಎರಡನೇ ಕನ್ನಡಿಯ ಕಡೆಗೆ ಹೋಗುತ್ತದೆ. ಈ ಎರಡನೇ ಕನ್ನಡಿಯ ನಡುವೆ ಒಂದು ತೂತು. ಸೂರ್ಯನ ಉರಿಯುವ ಬಿಲ್ಲೆಯ ಚಿತ್ರ ಸರಿಯಾಗಿ ಆ ತೂತಿನ ಮೇಲೆ ಬೀಳುತ್ತದೆ. ಅಷ್ಟೂ ಬೆಳಕು ತೂತಿನಿಂದ ಆಚೆ ಹೋಗಿ, ಮತ್ತೊಂದು ಕನ್ನಡಿಗೆ ತಾಗಿ, ಉಪಕರಣದಿಂದಲೇ ಹೊರಬೀಳುತ್ತದೆ. ಅಂಚಿನ ಕರೋನಾದ ಮಂದ ಬೆಳಕು ಮಾತ್ರ ತೂತಿನ ಸುತ್ತಲಿನ ಕನ್ನಡಿಗೆ ತಾಗಿ ಒಳಗೆ ಉಳಿಯುತ್ತದೆ.

ಹೇಳುವುದು ಸುಲಭ. ಆದರೆ ಮೊದಲ ಕನ್ನಡಿಗೆ ಸೂರ್ಯನ ಪೂರ್ತಿ ಬೆಳಕು ಬೀಳುತ್ತದಲ್ಲ, ಅದರ ಮೇಲೆ ಒಂದು ದೂಳಿನ ಕಣವಿದ್ದರೂ ಬೆಳಕು ಅಡ್ಡಾದಿಡ್ಡಿ ಚೆದುರುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ಹುಡುಕುವವರಿಗೆ ಆ ಚೆದುರಿದ ಬೆಳಕೇ ಸಾಕು, ಎಲ್ಲ ಮುಚ್ಚಿಹೋಗಲು. ಹಾಗಾಗಿ ಕನ್ನಡಿಯ ನುಣುಪು, ಕೋಣೆಯ ಚೊಕ್ಕಟ, ಎರಡಕ್ಕೂ ಅಷ್ಟು ಹಟ. ವೆಲ್ಕ್ ಹಿಂಬಾಲಿಸುವ ಬೆಳಕುಗಳಲ್ಲಿ ಒಂದು ಯಾವುದು ಗೊತ್ತೇ? 1869ರ ಅದೇ ಹಸಿರು ಗೆರೆ.

ಏಳರಲ್ಲಿ ನಾಲ್ಕು ಉಪಕರಣ ಬೆಂಗಳೂರಿನ ಸಂಸ್ಥೆಗಳವು. ಸೂರ್ಯನನ್ನು ನೇರಳಾತೀತದಲ್ಲಿ ಪೂರ್ತಿಯಾಗಿ ಚಿತ್ರಿಸುವ ಸೂಟ್ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ್ದು.

ಇದೇ ಕೆಲಸಕ್ಕೆ ಯುರೋಪಿನವರು ಇನ್ನೊಂದು ದಾರಿ ಹಿಡಿದಿದ್ದಾರೆ. ಪ್ರೋಬಾ-3ರಲ್ಲಿ ಎರಡು ಉಪಗ್ರಹಗಳು ಒಂದಕ್ಕೊಂದು 150 ಮೀಟರ್ ದೂರದಲ್ಲಿ ಹಾರುತ್ತವೆ. ಮುಂದಿನದು ಸೂರ್ಯನಿಗೆ ಅಡ್ಡ, ಹಿಂದಿನದು ಅದರ ನೆರಳಿನಲ್ಲಿ ಕ್ಯಾಮೆರಾ. ಅವನ್ನು 2024ರ ಡಿಸೆಂಬರ್ 5ರಂದು ಮೇಲೆ ಒಯ್ದದ್ದು ನಮ್ಮ ಪಿಎಸ್ಎಲ್‌ವಿ ರಾಕೆಟ್.

ಸೌರ ಬಿರುಗಾಳಿ ಬಂದರೆ ಮೊಬೈಲ್ ಸುಟ್ಟುಹೋಗುತ್ತದೆ ಎಂದು ಫಾರ್ವರ್ಡ್ ಬಂದಿದೆ. ನಿಜವೇ?

ನಿಮ್ಮ ಮೊಬೈಲಿಗೆ ಏನೂ ಆಗುವುದಿಲ್ಲ. ಸ್ವಿಚ್ ಆಫ್ ಮಾಡಿ ಮಲಗಿ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ, ಅಷ್ಟೇ.

ಆದರೆ ಸೌರ ಬಿರುಗಾಳಿ ಕಟ್ಟುಕತೆಯಲ್ಲ. ಸೂರ್ಯ ಆಗಾಗ ಕಾಂತಕ್ಷೇತ್ರ ಹೊತ್ತ ಅನಿಲದ ದೊಡ್ಡ ಮುದ್ದೆಯನ್ನು ಹೊರಗೆಸೆಯುತ್ತಾನೆ. ಅದು ನಮ್ಮ ಕಡೆ ಬಂದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಭೂಮಿ ಮುಟ್ಟುತ್ತದೆ. ಆಗ ತೊಂದರೆ ಆಗುವುದು ಉದ್ದುದ್ದ ತಂತಿಗಳಿಗೆ ಮತ್ತು ಉಪಗ್ರಹಗಳಿಗೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು 60 ಲಕ್ಷ ಜನಕ್ಕೆ ಒಂಬತ್ತು ಗಂಟೆ ಕರೆಂಟ್ ಹೋಗಿತ್ತು. 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಹಾರಿಸಿದ 49 ಉಪಗ್ರಹಗಳಲ್ಲಿ ಬಹುಪಾಲು ಬಿದ್ದು ಉರಿದುಹೋದವು. ಬಿರುಗಾಳಿ ಮೇಲಿನ ವಾತಾವರಣವನ್ನು ಬಿಸಿ ಮಾಡಿ ಉಬ್ಬಿಸಿತ್ತು. ಅವು ಇನ್ನೂ ಕೆಳಗಿನ ಕಕ್ಷೆಯಲ್ಲಿದ್ದವು, ಗಾಳಿಯ ಎಳೆತ ತಡೆಯಲಾಗಲಿಲ್ಲ.

2024ರ ಮೇ 10-11ರ ಬಿರುಗಾಳಿ ಎರಡು ದಶಕಗಳಲ್ಲೇ ಜೋರಿನದು. ಧ್ರುವ ಪ್ರದೇಶದಲ್ಲಿ ಕಾಣುವ ಬಣ್ಣದ ಬೆಳಕು ಅವತ್ತು ಹಾನ್ಲೆಯ ಆಕಾಶದಲ್ಲೂ ಕೆಂಪಗೆ ಕಂಡಿತು. ಎಲ್1ನಲ್ಲಿರುವ ನೌಕೆಗಳು ಹಾದುಹೋಗುವ ಕಣಗಳನ್ನು ಮೊದಲೇ ಅಳೆಯುವುದರಿಂದ ನಮಗೆ ಅರ್ಧ ಮುಕ್ಕಾಲು ಗಂಟೆಯ ಖಚಿತ ಮುನ್ಸೂಚನೆ ಸಿಗುತ್ತದೆ. ಕಡಿಮೆ ಅನಿಸಬಹುದು. ವಿದ್ಯುತ್ ಜಾಲ ನೋಡಿಕೊಳ್ಳುವವರಿಗೆ ಅದು ದೊಡ್ಡದು.

ಹಬಲ್ ಒಳ್ಳೆಯದೋ, ಜೇಮ್ಸ್ ವೆಬ್ ಒಳ್ಳೆಯದೋ?

ಎರಡೂ ನೋಡುವ ಬೆಳಕೇ ಬೇರೆ. ಹಬಲ್ ಮುಖ್ಯವಾಗಿ ಕಣ್ಣಿಗೆ ಕಾಣುವ ಬೆಳಕು ಮತ್ತು ನೇರಳಾತೀತ ನೋಡುತ್ತದೆ. ವೆಬ್ ಅವಕೆಂಪನ್ನು ನೋಡುತ್ತದೆ. ಒಂದು ಬಂದರೆ ಇನ್ನೊಂದು ಹಳತಾಯಿತು ಅಂತೇನಿಲ್ಲ.

ವೆಬ್ ಬಗ್ಗೆ ಹೇಳಲೇಬೇಕಾದದ್ದು ಅದರ ತಂಪು. ಬಿಸಿಯಾದ ಎಲ್ಲ ವಸ್ತುವೂ ಅವಕೆಂಪು ಹೊರಸೂಸುತ್ತದೆ, ಟೆಲಿಸ್ಕೋಪ್ ಕೂಡ. ತಾನೇ ಹೊಳೆಯುತ್ತಿದ್ದರೆ ಇನ್ನೊಂದನ್ನು ನೋಡುವುದು ಹೇಗೆ? ಅದಕ್ಕೆ ಟೆನ್ನಿಸ್ ಅಂಗಳದಷ್ಟು ಅಗಲದ ಐದು ಪದರದ ಕೊಡೆ. ಕೊಡೆಯ ಬಿಸಿಲಿನ ಕಡೆ 80 ಡಿಗ್ರಿ ದಾಟುತ್ತದೆ, ನೆರಳಿನ ಕಡೆ ಮೈನಸ್ 230ರ ಆಸುಪಾಸು. ಕನ್ನಡಿ 6.5 ಮೀಟರ್. ಒಂದೇ ಆಗಿ ರಾಕೆಟ್‌ನಲ್ಲಿ ಹಿಡಿಸುವುದಿಲ್ಲವೆಂದು 18 ಆರುಮೂಲೆಯ ತುಂಡುಗಳಾಗಿ ಮಾಡಿ, ಮಡಚಿ ಕಳಿಸಿ, ಮೇಲೆ ಬಿಚ್ಚಿದರು. ಅವಕೆಂಪನ್ನು ಚಿನ್ನ ಚೆನ್ನಾಗಿ ಪ್ರತಿಫಲಿಸುತ್ತದೆ, ಹಾಗಾಗಿ ಚಿನ್ನದ ಲೇಪ. ಅಷ್ಟಕ್ಕೂ ಹಿಡಿದದ್ದು 48 ಗ್ರಾಂ ಚಿಲ್ಲರೆ, ಅಂದರೆ ಕರಾವಳಿಯ ಲೆಕ್ಕದಲ್ಲಿ ಆರು ಪವನ್. ಇಡೀ ಯೋಜನೆಗೆ ಸುಮಾರು ಸಾವಿರ ಕೋಟಿ ಡಾಲರ್ ಆಗಿರುವಾಗ ಚಿನ್ನದ ಬಾಬತ್ತು ಲೆಕ್ಕಕ್ಕಿಲ್ಲ.

ಆ ಚಿತ್ರಗಳ ಬಣ್ಣ ನಿಜವೇ? ಫೋಟೋಶಾಪ್ ಅಲ್ವಾ?

ಬಣ್ಣ ಹಾಕಿದ್ದು ಹೌದು, ಮನಬಂದಂತೆ ಅಲ್ಲ. ಈ ಕ್ಯಾಮೆರಾಗಳು ತೆಗೆಯುವುದು ಕಪ್ಪು ಬಿಳುಪು ಚಿತ್ರ. ಒಂದೊಂದು ಫಿಲ್ಟರ್ ಹಾಕಿ ಒಂದೊಂದು ಚಿತ್ರ ತೆಗೆದು, ಆಮೇಲೆ ಬಣ್ಣ ಕೊಟ್ಟು ಸೇರಿಸುತ್ತಾರೆ. 1995ರಲ್ಲಿ ಹಬಲ್ ತೆಗೆದ ಹದ್ದಿನ ನೀಹಾರಿಕೆಯ ಕಂಬಗಳ ಚಿತ್ರ ನೀವು ನೋಡಿರುತ್ತೀರಿ. ಅದರಲ್ಲಿ ಗಂಧಕದ ಬೆಳಕು ಕೆಂಪು, ಜಲಜನಕದ್ದು ಹಸಿರು, ಆಮ್ಲಜನಕದ್ದು ನೀಲಿ. ಜಲಜನಕ ನಿಜವಾಗಿ ಹೊಳೆಯುವುದು ಕೆಂಪಾಗಿ. ಗಂಧಕದ್ದೂ ಕೆಂಪೇ ಆದ್ದರಿಂದ ಎರಡನ್ನೂ ಹಾಗೇ ಬಿಟ್ಟರೆ ಬೇರೆ ಮಾಡಲು ಆಗುವುದಿಲ್ಲ. ವೆಬ್‌ನ ಬೆಳಕಂತೂ ಕಣ್ಣಿಗೇ ಕಾಣದ್ದು. ಅದರಲ್ಲಿ ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಕೊಡುವುದು ರೂಢಿ.

ನನ್ನ ಮಟ್ಟಿಗೆ ಇದು ನಕಾಶೆಗೆ ಬಣ್ಣ ಕೊಡುವ ಜಾತಿಯ ಕೆಲಸ. ಸುಳ್ಳೇನಲ್ಲ. ಆದರೆ ಅಲ್ಲಿಗೇ ಹೋಗಿ ನಿಂತರೆ ಹೀಗೇ ಕಾಣುತ್ತದೆ ಎಂದು ಮಕ್ಕಳಿಗೆ ಹೇಳಿದರೆ ತಪ್ಪಾಗುತ್ತದೆ.

ಎಕ್ಸ್-ಕಿರಣ ಎಲ್ಲದರೊಳಗೂ ತೂರುತ್ತದಲ್ಲ, ಅದಕ್ಕೆ ಕನ್ನಡಿ ಹೇಗೆ ಮಾಡುತ್ತಾರೆ?

ನೇರಕ್ಕೆ ಬಡಿದರೆ ಒಳಗೆ ತೂರುತ್ತದೆ ಇಲ್ಲವೇ ಇಂಗಿಹೋಗುತ್ತದೆ. ಆದರೆ ಕನ್ನಡಿಗೆ ಒರೆಸಿಕೊಂಡು ಹೋಗುವ ಹಾಗೆ ಓರೆಯಾಗಿ ಬಂದರೆ ಪುಟಿಯುತ್ತದೆ, ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದ ಹಾಗೆ. ಹಾಗಾಗಿ ಈ ಕನ್ನಡಿಗಳು ತಟ್ಟೆಯ ಆಕಾರದಲ್ಲಿರುವುದಿಲ್ಲ. ಒಂದರೊಳಗೊಂದು ತೂರಿಸಿದ ಕೊಳವೆಗಳಂತೆ ಇರುತ್ತವೆ.

1999ರ ಜುಲೈನಲ್ಲಿ ಮೇಲೆ ಹೋದ ಚಂದ್ರ ಎಕ್ಸ್-ಕಿರಣ ದೂರದರ್ಶಕದಲ್ಲಿ ಇಂಥ ನಾಲ್ಕು ಜೊತೆ ಕನ್ನಡಿಗಳಿವೆ. ಅದರ ಹೆಸರು ಆಕಾಶದ ಚಂದ್ರನದಲ್ಲ, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. ನಕ್ಷತ್ರ ಸತ್ತ ಮೇಲೆ ಉಳಿಯುವ ಬಿಳಿ ಕುಬ್ಜ ಸೂರ್ಯನ 1.4 ಪಟ್ಟಿಗಿಂತ ಭಾರವಾದರೆ ತನ್ನ ಭಾರ ತಾನೇ ತಡೆಯಲಾರದು ಎಂದು ಲೆಕ್ಕ ಹಾಕಿ ತೋರಿಸಿದವರು ಅವರು. 1983ರಲ್ಲಿ ನೊಬೆಲ್ ಬಂತು.

ನಮ್ಮ ದೇಶದ ಟೆಲಿಸ್ಕೋಪ್ ಏನಾದರೂ ಹೊಸದು ಕಂಡಿದೆಯೇ?

ಕಂಡಿದೆ. ಮೊದಲು ಚೂರು ಹಿಂದಕ್ಕೆ ಹೋಗೋಣ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ. ತಂಡದ ಮುಂದಾಳು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್‌ನಲ್ಲಿ ಮೇಲೆ ಹೋದಾಗ ಅದರೊಳಗೆ ಎಕ್ಸ್-ಕಿರಣ ಖಗೋಳದ ಉಪಕರಣವೂ ಇತ್ತು. ವಿದ್ಯುತ್ ಪೂರೈಕೆ ಕೈಕೊಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು.

ನಲವತ್ತು ವರ್ಷದ ಮೇಲೆ, 2015ರ ಸೆಪ್ಟೆಂಬರ್ 28ರಂದು, ಅಸ್ಟ್ರೋಸ್ಯಾಟ್ ಹೋಯಿತು. ಅದರ ಜಾಣತನ ಇರುವುದು ನೇರಳಾತೀತ ಮತ್ತು ಎಕ್ಸ್-ಕಿರಣ ಎರಡನ್ನೂ ಒಂದೇ ಹೊತ್ತಿಗೆ ನೋಡುವುದರಲ್ಲಿ. ಅದರ ನೇರಳಾತೀತ ಟೆಲಿಸ್ಕೋಪ್ ಯೂವಿಟ್ ಕೂಡ ಹೊಸಕೋಟೆಯದೇ. 38 ಸೆಂಟಿಮೀಟರ್ ಅಗಲದ ಎರಡು ಟೆಲಿಸ್ಕೋಪುಗಳ ಜೋಡಿ. ಹಬಲ್ ಮುಂದೆ ಪುಟ್ಟದು, ಆದರೆ ಒಮ್ಮೆಗೇ ಹೆಚ್ಚುಕಮ್ಮಿ ಹುಣ್ಣಿಮೆ ಚಂದ್ರನಷ್ಟು ಅಗಲದ ಆಕಾಶ ನೋಡುತ್ತದೆ.

2016ರ ಅಕ್ಟೋಬರ್‌ನಲ್ಲಿ ಯೂವಿಟ್ ಆಕಾಶದ ಒಂದೇ ತುಣುಕನ್ನು 28 ಗಂಟೆಗೂ ಹೆಚ್ಚು ಹೊತ್ತು ನೋಡಿತು. ಅದರಲ್ಲಿ 930 ಕೋಟಿ ಬೆಳಕಿನ ವರ್ಷ ದೂರದ ಒಂದು ಗ್ಯಾಲಕ್ಸಿಯಿಂದ ಅತಿ ತೀಕ್ಷ್ಣವಾದ ನೇರಳಾತೀತ ಬೆಳಕು ಬಂದದ್ದು ಗೊತ್ತಾಯಿತು. ಐಯುಕಾದ ಕನಕ್ ಸಾಹಾ ಅವರ ತಂಡ ತಾಳೆ ನೋಡಿ, ಮತ್ತೆ ತಾಳೆ ನೋಡಿ, 2020ರಲ್ಲಿ ಪ್ರಕಟಿಸಿತು. ಹಬಲ್‌ಗೆ ಸಿಗದ ಈ ಬೆಳಕು ಪುಟ್ಟ ಯೂವಿಟ್‌ಗೆ ಸಿಕ್ಕಿದ್ದು ಯಾಕೆ? ಯೂವಿಟ್‌ನ ಸಂವೇದಕ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತದೆ. ಅದರ ಹಿನ್ನೆಲೆ ಗದ್ದಲ ತೀರಾ ಕಡಿಮೆ. ವಿಶ್ವ ಶುರುವಾದ ಮಹಾಸ್ಫೋಟದ (ಬಿಗ್ ಬ್ಯಾಂಗ್) ನಂತರ ಎಲ್ಲೆಡೆ ತುಂಬಿದ್ದ ಜಲಜನಕದ ಮಬ್ಬನ್ನು ತಿಳಿಗೊಳಿಸಿದ್ದು ಇಂಥ ಬೆಳಕೇ ಎನ್ನುತ್ತಾರೆ. ಅದು ಗ್ಯಾಲಕ್ಸಿಯಿಂದ ಹೊರಗೆ ಸೋರುವುದು ಹೀಗೆ ಕಣ್ಣಿಗೆ ಸಿಗುವುದು ಅಪರೂಪ.

ಐದು ವರ್ಷ ಬಾಳಲಿ ಎಂದು ಕಟ್ಟಿದ ಅಸ್ಟ್ರೋಸ್ಯಾಟ್ ಹತ್ತು ವರ್ಷ ದಾಟಿದೆ. 2024ರ ಜನವರಿ 1ರಂದು ಅದರ ಜೊತೆಗೆ ಎಕ್ಸ್-ಕಿರಣ ನೋಡುವ ಎಕ್ಸ್‌ಪೋಸ್ಯಾಟ್ ಸೇರಿತು. ಅದರ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ನಕ್ಷತ್ರ ಸಾಯುವುದನ್ನು ನಾವು ನೋಡಬಹುದೇ? ಆರಿದ್ರಾ ಸಿಡಿಯುತ್ತದಂತೆ?

ಜೂನ್ ಕೊನೆಯ ಆರಿದ್ರಾ ಮಳೆ ಎಲ್ಲರಿಗೂ ಗೊತ್ತು. ಆ ಹೆಸರಿನ ನಕ್ಷತ್ರವೇ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಭುಜದಲ್ಲಿರುವ ಕೆಂಪು ಚುಕ್ಕಿ, ಇಂಗ್ಲಿಷಿನವರ ಬೀಟಲ್‌ಜ್ಯೂಸ್. 2019ರ ಕೊನೆಯಲ್ಲಿ ಅದು ಮಂಕಾಗುತ್ತಾ ಹೋಗಿ, 2020ರ ಫೆಬ್ರವರಿ ಹೊತ್ತಿಗೆ ಹೊಳಪು ಅರ್ಧಕ್ಕಿಂತ ಕೆಳಗೆ ಇಳಿಯಿತು. ಬರಿಗಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಇನ್ನೇನು ಸಿಡಿಯಿತು ಎಂದು ಪತ್ರಿಕೆಗಳು ಬರೆದವು. ಹಬಲ್‌ನ ನೇರಳಾತೀತ ದಾಖಲೆ ಬೇರೆಯೇ ಹೇಳಿತು. ಮಂಕಾಗುವ ಮುಂಚೆ ನಕ್ಷತ್ರದ ಮೇಲ್ಮೈಯಿಂದ ಬಿಸಿ ಅನಿಲದ ದೊಡ್ಡ ಗಡ್ಡೆ ಕಿತ್ತು ಹೊರಬಂದಿತ್ತು. ಅದು ತಣ್ಣಗಾಗಿ ದೂಳಾಗಿ ನಕ್ಷತ್ರಕ್ಕೇ ಅಡ್ಡ ನಿಂತಿತ್ತು. ಕೆಲವೇ ತಿಂಗಳಲ್ಲಿ ಹೊಳಪು ವಾಪಸ್ ಬಂತು.

ಸಿಡಿಯುವುದು ಖಂಡಿತ. ಆದರೆ ಒಂದು ಲಕ್ಷ ವರ್ಷದೊಳಗೆ ಎನ್ನುವುದು ಅಂದಾಜು. ಕಾದು ಕೂರಬೇಡಿ. ನಮ್ಮ ಸೂರ್ಯ ಹಾಗೆ ಸಿಡಿಯುವಷ್ಟು ಭಾರವೇ ಇಲ್ಲ. ಇನ್ನು 500 ಕೋಟಿ ವರ್ಷದ ಮೇಲೆ ಉಬ್ಬಿ, ಕೆಂಪಗಾಗಿ, ಕೊನೆಗೆ ಬಿಳಿ ಕುಬ್ಜನಾಗುತ್ತಾನೆ.

ಟೆಲಿಸ್ಕೋಪ್ ಹಿಂದಿನ ಕಾಲ ತೋರಿಸುತ್ತದೆ ಎನ್ನುವುದರ ಅರ್ಥ?

ಬೆಳಕು ಬರಲು ಹೊತ್ತು ಹಿಡಿಯುತ್ತದೆ. ನೀವು ನೋಡುವ ಸೂರ್ಯ ಎಂಟು ನಿಮಿಷ ಹಿಂದಿನವನು. ಆಂಡ್ರೊಮಿಡಾ ಗ್ಯಾಲಕ್ಸಿ 25 ಲಕ್ಷ ವರ್ಷ ಹಿಂದಿನದು. ಕತ್ತಲೆ ಇರುವ ಊರಿನಲ್ಲಿ ನವೆಂಬರ್ ರಾತ್ರಿ ಅದು ಬರಿಗಣ್ಣಿಗೇ ಮಬ್ಬಾಗಿ ಕಾಣುತ್ತದೆ.

1995ರ ಡಿಸೆಂಬರ್‌ನಲ್ಲಿ ಹಬಲ್ ಕೇಂದ್ರದ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ಒಂದು ಧೈರ್ಯ ಮಾಡಿದರು. ತಮ್ಮ ಪಾಲಿನ ಸಮಯವನ್ನು, ಹತ್ತು ದಿನ, ಏನೂ ಇಲ್ಲದಂತೆ ಕಾಣುವ ಸಣ್ಣ ಕಪ್ಪು ಜಾಗವೊಂದನ್ನು ನೋಡಲು ಕೊಟ್ಟರು. ದಂಡ ಎಂದವರಿದ್ದರು. ಅಲ್ಲಿ ಸುಮಾರು 3,000 ಗ್ಯಾಲಕ್ಸಿಗಳು ಸಿಕ್ಕವು. ವಿಶ್ವ ಹಿಗ್ಗುತ್ತಿರುವುದರಿಂದ ತೀರಾ ದೂರದವುಗಳ ಬೆಳಕು ಹಿಗ್ಗಿ ಅವಕೆಂಪಿಗೆ ಜಾರಿರುತ್ತದೆ. ಅದನ್ನು ಹಿಡಿಯಲೆಂದೇ ವೆಬ್. ಅದು ಈಗ ಮಹಾಸ್ಫೋಟವಾದ 30 ಕೋಟಿ ವರ್ಷದೊಳಗಿನ ಗ್ಯಾಲಕ್ಸಿಗಳನ್ನೂ ಗುರುತಿಸಿದೆ. ಅಷ್ಟು ಬೇಗ ಅಷ್ಟು ಪ್ರಕಾಶಮಾನವಾಗಿ ಬೆಳೆದದ್ದು ಹೇಗೆ ಎನ್ನುವ ಚರ್ಚೆ ಬಿಸಿಬಿಸಿಯಾಗಿ ನಡೆದಿದೆ.

ಚಂದ್ರನ ಮೇಲಿನ ಬಾವುಟ ಹಬಲ್‌ಗೆ ಕಾಣುವುದಿಲ್ಲವಂತೆ. ಮತ್ತೆ ಗ್ಯಾಲಕ್ಸಿ ಹೇಗೆ ಕಾಣುತ್ತದೆ?

ಗ್ಯಾಲಕ್ಸಿ ದೂರ ಇದ್ದರೂ ಲಕ್ಷ ಬೆಳಕಿನ ವರ್ಷ ಅಗಲ. ಬಾವುಟ ಒಂದು ಮೀಟರ್ ಚಿಲ್ಲರೆ. ಚಂದ್ರನ ದೂರದಲ್ಲಿ ಹಬಲ್ ಗುರುತಿಸಬಲ್ಲ ಅತಿ ಸಣ್ಣ ವಸ್ತು ಸುಮಾರು 90 ಮೀಟರ್. ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ ಎನ್ನುವವರು ಹೇಳುವ ಹಾಗೆ ಇದರಲ್ಲಿ ಪಿತೂರಿ ಏನೂ ಇಲ್ಲ.

ಕೆಟ್ಟುಹೋದರೆ ರಿಪೇರಿ ಯಾರು ಮಾಡುತ್ತಾರೆ?

ಹೆಚ್ಚಾಗಿ ಯಾರೂ ಇಲ್ಲ. ಹಬಲ್ ಪುಣ್ಯವಂತ. 1990ರ ಏಪ್ರಿಲ್‌ನಲ್ಲಿ ಮೇಲೆ ಹೋದ ಮೇಲೆ ಚಿತ್ರಗಳು ಮಸುಕಾಗಿ ಬಂದವು. ಕನ್ನಡಿಯ ಅಂಚನ್ನು ಮೀಟರಿನ ಹತ್ತು ಲಕ್ಷದ ಎರಡು ಪಾಲಿನಷ್ಟು ಜಾಸ್ತಿ ಉಜ್ಜಿದ್ದರು. ತಲೆಕೂದಲಿನ ದಪ್ಪದಲ್ಲಿ ಐವತ್ತನೇ ಒಂದು ಪಾಲು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಅದಕ್ಕೆ ಕನ್ನಡಕ ಹಾಕಿ ಬಂದರು. 2009ರವರೆಗೆ ಐದು ಸಲ ಹೋಗಿದ್ದಾರೆ. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ಆಚೆ, ಅಲ್ಲಿಗೆ ಯಾರೂ ಹೋಗುವುದಿಲ್ಲ. 2022ರ ಮೇನಲ್ಲಿ ಒಂದು ಪುಟ್ಟ ಉಲ್ಕೆಯ ಕಣ ಅದರ ಒಂದು ಕನ್ನಡಿ ತುಂಡಿಗೆ ಬಡಿದು ಕಲೆ ಮಾಡಿತು. ಆ ತುಂಡಿನ ಹೊಂದಾಣಿಕೆ ಸರಿ ಮಾಡಿ ಮುಂದುವರಿದರು.

ನೆಲದಿಂದಲೇ ಬದುಕಿಸಿದ್ದೂ ಇದೆ. ಸೂರ್ಯನನ್ನು ನೋಡುವ ಸೋಹೋ ನೌಕೆ 1998ರ ಜೂನ್‌ನಲ್ಲಿ ಹಿಡಿತ ತಪ್ಪಿ ಸುತ್ತತೊಡಗಿ ಮಾತು ನಿಲ್ಲಿಸಿತು. ಇಂಧನ ಹೆಪ್ಪುಗಟ್ಟಿತ್ತು. ತಿಂಗಳುಗಟ್ಟಲೆ ಹುಡುಕಿ, ಕರೆದು, ಬಿಸಿ ಮಾಡಿ, ತಿರುಗಿಸಿ ಎಬ್ಬಿಸಿದರು.

ಸಾಮಾನ್ಯ ಜನ ಇದನ್ನು ಬಳಸಬಹುದೇ?

ಎಲ್ಲಿಗೆ ತಿರುಗಿಸಬೇಕು ಎಂದು ಹೇಳಲು ಅರ್ಜಿ ಹಾಕಬೇಕು, ಪೈಪೋಟಿ ವಿಪರೀತ. 2024ರ ಅಕ್ಟೋಬರ್‌ನಲ್ಲಿ ವೆಬ್‌ಗೆ 2,300ಕ್ಕೂ ಹೆಚ್ಚು ಅರ್ಜಿ ಬಂದವು. ಇದ್ದ ಸಮಯದ ಸುಮಾರು ಒಂಬತ್ತು ಪಟ್ಟು ಬೇಡಿಕೆ. ಆರಿಸುವವರಿಗೆ ಅರ್ಜಿದಾರರ ಹೆಸರು ತೋರಿಸುವುದಿಲ್ಲ. ಒಳ್ಳೆಯ ಪದ್ಧತಿ, ನಮ್ಮಲ್ಲೂ ಬೇರೆ ಕಡೆ ಬರಬೇಕು.

ಸಿಕ್ಕ ಮಾಹಿತಿ ಮಾತ್ರ ಕೆಲವು ಕಾಲದ ನಂತರ ಎಲ್ಲರಿಗೂ ಪುಕ್ಕಟೆ. ಅಸ್ಟ್ರೋಸ್ಯಾಟ್, ಆದಿತ್ಯಗಳ ಮಾಹಿತಿ ಬಿಡದಿ ಹತ್ತಿರದ ಬ್ಯಾಲಾಳಿನ ಇಸ್ರೋ ದತ್ತಾಂಶ ಕೇಂದ್ರದಿಂದ ಸಿಗುತ್ತದೆ. ಹೆಸರು ನೋಂದಾಯಿಸಿದರೆ ಸಾಕು. ಸೋಹೋ ಚಿತ್ರಗಳಲ್ಲಿ 2024ರ ಹೊತ್ತಿಗೆ 5,000ಕ್ಕೂ ಹೆಚ್ಚು ಧೂಮಕೇತುಗಳು ಸಿಕ್ಕಿವೆ. ಹೆಚ್ಚಿನವನ್ನು ಹುಡುಕಿದ್ದು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹವ್ಯಾಸಿಗಳು.

ಮಕ್ಕಳಿಗೆ ತೋರಿಸಬೇಕು. ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನಗಳಿವೆ. ಕಾಲೇಜು ಮಕ್ಕಳಿಗೆ ವಾರಾಂತ್ಯದ ಭೌತವಿಜ್ಞಾನದ ತರಗತಿಗಳೂ ನಡೆಯುತ್ತವೆ. ಕರಾವಳಿಯವರಿಗೆ ಮಂಗಳೂರಿನ ಪಿಲಿಕುಳದ ತಾರಾಲಯ ಹತ್ತಿರ. ಟೆಲಿಸ್ಕೋಪ್ ಕೊಳ್ಳುವ ಅವಸರ ಬೇಡ. ಮೊದಲು ಒಂದು ಸಾಧಾರಣ ಬೈನಾಕ್ಯುಲರ್ ಸಾಕು. ಕೃತ್ತಿಕೆ, ಮಹಾವ್ಯಾಧನ ನೀಹಾರಿಕೆ, ಚಂದ್ರನ ಕುಳಿಗಳು ಅದರಲ್ಲೇ ಚೆನ್ನಾಗಿ ಕಾಣುತ್ತವೆ.

ಸೂರ್ಯನ ಕಡೆಗೆ ಮಾತ್ರ ಬೈನಾಕ್ಯುಲರ್ ಆಗಲಿ, ಟೆಲಿಸ್ಕೋಪ್ ಆಗಲಿ ತಿರುಗಿಸಲೇಬಾರದು, ಕಣ್ಣು ಒಂದೇ ಕ್ಷಣದಲ್ಲಿ ಹೋಗುತ್ತದೆ. ಎಕ್ಸ್-ರೇ ಫಿಲ್ಮ್, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್ ಯಾವುದೂ ಆಗದು. ರಟ್ಟಿಗೆ ಸೂಜಿಯಲ್ಲಿ ಒಂದು ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಳಿ ಗೋಡೆಯ ಮೇಲೆ ಬೀಳುವ ಬಿಂಬ ತೋರಿಸಿ.